ಕಾಣದ ವಿಭಕ್ತಿ: ವೇದೋಪನಿಷತ್ತುಗಳ ಸಮಾಸಪದಗಳನ್ನು ಬಿಡಿಸುವುದು

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ಪುಣೆಯ ಓಣಿಗಳಿಗೆ ಬೆಳಿಗ್ಗೆ ಘಂಟಾಗಾಡಿ ಬರುತ್ತದೆ. ಅದು ಘಂಟೆಗಳನ್ನು ಹೊತ್ತು ತರುವ ಗಾಡಿಯಲ್ಲ, ಘಂಟೆಯಿಂದ ಓಡುವ ಗಾಡಿಯೂ ಅಲ್ಲ. ಘಂಟೆ ಬಾರಿಸುತ್ತ ಬಂದು ಕಸ ಒಯ್ಯುವ ಗಾಡಿ. ಕೈಗಾಡಿಯನ್ನು ಕೈಯಿಂದ ತಳ್ಳುತ್ತಾರೆ, ಕುದುರೆಗಾಡಿಯನ್ನು ಕುದುರೆ ಎಳೆಯುತ್ತದೆ, ಹಾಲುಗಾಡಿಯೊಳಗೆ ಹಾಲು ಇರುತ್ತದೆ. ನಾಲ್ಕು ಪದಗಳ ಕಟ್ಟು ಒಂದೇ, ಆದರೆ ಮೊದಲ ಪದಕ್ಕೂ ಗಾಡಿಗೂ ಇರುವ ಸಂಬಂಧ ನಾಲ್ಕು ಬಗೆಯದು. ಆ ಸಂಬಂಧವನ್ನು ಹೇಳುವ ಪ್ರತ್ಯಯ ಪದದಲ್ಲಿ ಎಲ್ಲಿಯೂ ಇಲ್ಲ. ಗಾಡಿಯನ್ನು ಕಣ್ಣಾರೆ ಕಂಡಿರುವುದರಿಂದ ನಮಗೆ ತೊಂದರೆಯಾಗುವುದಿಲ್ಲ. ಕಾಣಲಾಗದ ವಸ್ತುವನ್ನು, ಅಂದರೆ ಬ್ರಹ್ಮವನ್ನೋ ಯಜ್ಞದ ಫಲವನ್ನೋ, ಇಂಥ ಪದದಿಂದ ಹೇಳಿದಾಗ ಏನಾಗುತ್ತದೆ ಎಂಬುದೇ ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ.

ಸಂಸ್ಕೃತದಲ್ಲಿ ಎರಡು ಪದಗಳು ಸಮಾಸವಾಗಿ ಕೂಡಿಕೊಂಡಾಗ ಅವುಗಳ ವಿಭಕ್ತಿಪ್ರತ್ಯಯಗಳು ಲೋಪವಾಗುತ್ತವೆ. ‘ಸುಪೋ ಧಾತುಪ್ರಾತಿಪದಿಕಯೋಃ’ ಎಂಬುದು ಅದಕ್ಕೆ ಪಾಣಿನಿಯ ಸೂತ್ರ. ‘ಯುಧಿಷ್ಠಿರ’ ಎಂಬಂತಹ ಕೆಲವು ಪದಗಳಲ್ಲಿ ಮಾತ್ರ ‘ಯುಧಿ’ ಎಂಬ ಸಪ್ತಮಿ ಹಾಗೆಯೇ ಉಳಿದುಕೊಂಡಿರುತ್ತದೆ; ಅದನ್ನು ಅಲುಕ್ ಸಮಾಸ ಎನ್ನುತ್ತಾರೆ. ಉಳಿದೆಡೆ ಲೋಪವಾದ ವಿಭಕ್ತಿಯನ್ನು ಮತ್ತೆ ಹಾಕಿ ಹೇಳುವ ವಾಕ್ಯಕ್ಕೆ ವಿಗ್ರಹವಾಕ್ಯ ಎಂದು ಹೆಸರು. ಶಾಲೆಯಲ್ಲಿ ‘ವಿಗ್ರಹವಾಕ್ಯ ಬರೆಯಿರಿ’ ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ನಾವೆಲ್ಲ ಅದನ್ನು ಮರೆತುಬಿಟ್ಟೆವು. ಆದರೆ ನಮ್ಮ ಶಾಸ್ತ್ರಗಳಲ್ಲಿ ನಡೆದ ಹಲವು ದೊಡ್ಡ ವಾದಗಳು ಈ ಎರಡು ಅಂಕದ ಪ್ರಶ್ನೆಯ ಮೇಲೆಯೇ ನಿಂತಿವೆ.

ಸಮಾಸದ ಬಗೆಗಳನ್ನು ವಿಸ್ತರಿಸುವುದಿಲ್ಲ, ನಿಮಗೆ ಗೊತ್ತಿರುವವೇ. ಪಾಣಿನಿಯ ವ್ಯಾಕರಣಕ್ಕೆ ಪತಂಜಲಿ ಬರೆದ ಮಹಾಭಾಷ್ಯದ ಪ್ರಕಾರ ಅವ್ಯಯೀಭಾವದಲ್ಲಿ ಮೊದಲ ಪದದ ಅರ್ಥ ಪ್ರಧಾನ, ತತ್ಪುರುಷದಲ್ಲಿ ಕೊನೆಯ ಪದದ್ದು, ದ್ವಂದ್ವದಲ್ಲಿ ಎರಡರದ್ದೂ. ಬಹುವ್ರೀಹಿಯಲ್ಲಿ ಆ ಎರಡೂ ಅಲ್ಲದೆ ಹೊರಗಿನ ಇನ್ನೊಂದು ಪದಾರ್ಥ ಪ್ರಧಾನ. ಆ ಮಹಾಭಾಷ್ಯವನ್ನು ಇಂದಿಗೂ ವಿದ್ವಾಂಸರು ಪುಟಸಂಖ್ಯೆ ಕೊಟ್ಟು ಉಲ್ಲೇಖಿಸುವುದು ಇದೇ ಊರಿನ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಕೀಲ್‌ಹಾರ್ನ್ ಅವರು ಪರಿಷ್ಕರಿಸಿದ, 1880ರಿಂದ 1885ರ ನಡುವೆ ಮುಂಬಯಿಯಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆವೃತ್ತಿಯಿಂದ. ಬಹುವ್ರೀಹಿಗೆ ನಮ್ಮ ಮನೆಯಲ್ಲೇ ಉದಾಹರಣೆಯಿದೆ. ಕಪಾಟಿನಲ್ಲಿ ಮಡಿಸಿಟ್ಟ ಪೀತಾಂಬರ ಹಳದಿ ಬಟ್ಟೆ, ಅದು ಕರ್ಮಧಾರಯ; ದೇವರಕೋಣೆಯಲ್ಲಿರುವ ಪೀತಾಂಬರ ಆ ಬಟ್ಟೆಯನ್ನುಟ್ಟ ವಿಷ್ಣು, ಅದು ಬಹುವ್ರೀಹಿ. ಸಂಸ್ಕೃತದಲ್ಲಿ ಬಟ್ಟೆಯಾದರೆ ‘ಪೀತಾಂಬರಮ್’ ಎಂದು ನಪುಂಸಕ, ದೇವರಾದರೆ ‘ಪೀತಾಂಬರಃ’ ಎಂದು ಪುಲ್ಲಿಂಗ. ಹೀಗೆ ಲಿಂಗವೇ ಗುಟ್ಟು ಬಿಟ್ಟುಕೊಡುವುದುಂಟು, ಆದರೆ ಎಲ್ಲ ಕಡೆಯೂ ಅಲ್ಲ.

ಈಗ ವೇದಕ್ಕೆ ಹೋಗೋಣ. ತ್ವಷ್ಟೃವಿನ ಮಗ ವಿಶ್ವರೂಪನನ್ನು ಇಂದ್ರ ಕೊಂದ. ಮಗನನ್ನು ಕಳೆದುಕೊಂಡ ತ್ವಷ್ಟೃ ಇಂದ್ರನನ್ನು ಕರೆಯದೆ ಸೋಮಯಾಗ ಮಾಡಿದ. ಇಂದ್ರ ಕರೆಯದಿದ್ದರೂ ಬಂದು ಬಲಾತ್ಕಾರದಿಂದ ಸೋಮವನ್ನು ಕುಡಿದ. ಉಳಿದ ಸೋಮವನ್ನು ತ್ವಷ್ಟೃ ಆಹವನೀಯಾಗ್ನಿಗೆ ಸುರಿದು, ‘ಸ್ವಾಹೇಂದ್ರಶತ್ರುರ್ವರ್ಧಸ್ವ’, ಸ್ವಾಹಾ, ಇಂದ್ರಶತ್ರುವೇ ಬೆಳೆ, ಎಂದ. ಈ ಪ್ರಸಂಗ ತೈತ್ತಿರೀಯ ಸಂಹಿತೆಯಲ್ಲಿದೆ. ಬೆಂಕಿಯಿಂದ ವೃತ್ರ ಎದ್ದ, ಬೆಳೆದ, ಕೊನೆಗೆ ಇಂದ್ರನ ಕೈಯಲ್ಲೇ ಸತ್ತ.

ಏಕೆ ಹಾಗಾಯಿತು? ಇಲ್ಲಿ ‘ಶತ್ರು’ ಎಂದರೆ ಬರಿಯ ಹಗೆಯಲ್ಲ, ಕೊಲ್ಲುವವನು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ‘ಇಂದ್ರಶತ್ರು’ ತತ್ಪುರುಷವಾದರೆ ಇಂದ್ರನನ್ನು ಕೊಲ್ಲುವವನು. ಬಹುವ್ರೀಹಿಯಾದರೆ ಇಂದ್ರನೇ ಯಾರನ್ನು ಕೊಲ್ಲುತ್ತಾನೋ ಅವನು. ಅಕ್ಷರಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಸ್ವರದಲ್ಲಿ, ಅಂದರೆ ದನಿಯ ಏರಿಳಿತದಲ್ಲಿ. ಪಾಣಿನಿಯ ನಿಯಮದಂತೆ ಸಮಾಸದಲ್ಲಿ ಸಾಮಾನ್ಯವಾಗಿ ಕೊನೆಯ ಅಚ್ಚು (ಅ, ಇ, ಉ ಮೊದಲಾದ ಸ್ವರಾಕ್ಷರ) ಉದಾತ್ತ, ಅಂದರೆ ಏರುದನಿಯದು; ಬಹುವ್ರೀಹಿಯಲ್ಲಿ ಮೊದಲ ಪದ ತನ್ನ ಸಹಜ ಸ್ವರವನ್ನು ಉಳಿಸಿಕೊಳ್ಳುತ್ತದೆ, ‘ಇಂದ್ರ’ ಶಬ್ದಕ್ಕೆ ಸಹಜವಾಗಿ ಉದಾತ್ತವಿರುವುದು ಮೊದಲ ಅಕ್ಷರದ ಮೇಲೆ. ತ್ವಷ್ಟೃ ಕೊನೆಯಲ್ಲಿ ಏರಿಸಬೇಕಾದ ದನಿಯನ್ನು ಮೊದಲಲ್ಲಿ ಏರಿಸಿದ. ಕೊಲ್ಲುವವನು ಬೆಳೆಯಲಿ ಎಂದು ಬಯಸಿದವನ ಬಾಯಿಂದ, ಕೊಲೆಯಾಗುವವನು ಬೆಳೆಯಲಿ ಎಂಬ ಮಾತು ಹೊರಟಿತು. ಪತಂಜಲಿ ಮಹಾಭಾಷ್ಯದ ಮೊದಲ ಆಹ್ನಿಕದಲ್ಲೇ, ಅಂದರೆ ಮೊದಲ ಭಾಗದಲ್ಲೇ, ಈ ಕಥೆಯನ್ನು ನೆನಪಿಸುತ್ತಾನೆ: ಸ್ವರದಿಂದಲೋ ವರ್ಣದಿಂದಲೋ ಕೆಟ್ಟ ಶಬ್ದವು ಮಾತಿನ ವಜ್ರವಾಗಿ ಯಜಮಾನನನ್ನೇ ಹಿಂಸಿಸುತ್ತದೆ, ಇಂದ್ರಶತ್ರು ಶಬ್ದದಂತೆ.

ಈ ಕಥೆಯನ್ನು ಸಾಮಾನ್ಯವಾಗಿ ಉಚ್ಚಾರಶುದ್ಧಿಯ ಪಾಠವಾಗಿ ಹೇಳುತ್ತಾರೆ, ಅದು ಸರಿಯೇ. ನನಗೆ ಅದಕ್ಕಿಂತ ಮಹತ್ವದ್ದಾಗಿ ಕಾಣುವುದು, ಯಜ್ಞಗಳನ್ನು ವಿವರಿಸುವ ವೇದಭಾಗವಾದ ಶತಪಥ ಬ್ರಾಹ್ಮಣ ಇದೇ ಕಥೆಯನ್ನು ಹೇಳುವ ಬಗೆ. ಅಲ್ಲಿ ಉದಾತ್ತ ಅನುದಾತ್ತಗಳ ಮಾತೇ ಬರುವುದಿಲ್ಲ. ‘ಇಂದ್ರಶತ್ರುರ್ವರ್ಧಸ್ವ’ ಎಂದದ್ದರಿಂದ ಇಂದ್ರನೇ ಅವನನ್ನು ಕೊಂದ. ‘ಇಂದ್ರಸ್ಯ ಶತ್ರುರ್ವರ್ಧಸ್ವ’ ಎಂದಿದ್ದರೆ ಅವನೇ ಇಂದ್ರನನ್ನು ಕೊಲ್ಲುತ್ತಿದ್ದ ಎಂದಷ್ಟೇ ಹೇಳುತ್ತದೆ. ‘ಇಂದ್ರಸ್ಯ’ ಎಂಬಲ್ಲಿ ಆ ಷಷ್ಠಿಯನ್ನು ಗಮನಿಸಿ. ವ್ಯಾಕರಣಶಾಸ್ತ್ರ ಸೂತ್ರರೂಪ ತಾಳುವುದಕ್ಕೆ ಮುಂಚೆಯೇ ಬ್ರಾಹ್ಮಣಗ್ರಂಥವೊಂದು ಸಮಾಸವನ್ನು ಬಿಡಿಸಿ, ಲೋಪವಾದ ವಿಭಕ್ತಿಯನ್ನು ಹಾಕಿ ತೋರಿಸುತ್ತಿದೆ. ಒಂದು ‘ಸ್ಯ’ ಇದ್ದಿದ್ದರೆ ದೇವತೆಗಳ ರಾಜ ಬೇರೆಯಾಗುತ್ತಿದ್ದ.

ಸ್ವರವನ್ನು ಗುರುಮುಖದಿಂದ ಕಲಿತವರಿಗೆ ಸಮಾಸದ ಬಗೆ ಕಿವಿಗೇ ತಿಳಿಯುತ್ತಿತ್ತು. ಜೊತೆಗೆ ಮಂತ್ರವನ್ನು ಪದಪದವಾಗಿ ಬಿಡಿಸಿ ಹೇಳುವ ಪದಪಾಠವೂ ಇದೆ. ಋಗ್ವೇದದ ಮೊದಲ ಮಂತ್ರದ ‘ಪುರೋಹಿತಮ್’ ಎಂಬುದನ್ನು ಶಾಕಲ್ಯನ ಪದಪಾಠದಲ್ಲಿ ‘ಪುರಃಽಹಿತಮ್’ ಎಂದು ನಡುವೆ ತುಸು ನಿಲ್ಲಿಸಿ ಹೇಳುತ್ತಾರೆ, ‘ರತ್ನಧಾತಮಮ್’ ಎಂಬುದನ್ನು ‘ರತ್ನಽಧಾತಮಮ್’ ಎಂದು. ಆದರೆ ಪದಪಾಠ ತೋರಿಸುವುದು ಬೆಸುಗೆ ಎಲ್ಲಿದೆ ಎಂಬುದನ್ನು ಮಾತ್ರ. ಬೆಸೆದ ಎರಡು ತುಂಡುಗಳ ಸಂಬಂಧವೇನು ಎಂಬುದನ್ನು ಅದು ಹೇಳುವುದಿಲ್ಲ. ಸೂತ್ರಗಳು, ಗೀತೆ, ಪುರಾಣಗಳು ಇವುಗಳ ಕಾಲಕ್ಕೆ ಬರುವಷ್ಟರಲ್ಲಿ ಸ್ವರದ ನೆರವೂ ತಪ್ಪಿಹೋಯಿತು. ಅಲ್ಲಿಂದ ಮುಂದೆ ವಿಗ್ರಹವಾಕ್ಯವನ್ನು ಹೇಳುವ ಭಾರ ವ್ಯಾಖ್ಯಾನಕಾರನ ಮೇಲೆ ಬಿತ್ತು.

ಆ ಭಾರವನ್ನು ಮೀಮಾಂಸಕರು, ಅಂದರೆ ವೇದವಿಧಿಗಳ ಅರ್ಥವನ್ನು ವಿಚಾರಿಸುವ ಶಾಸ್ತ್ರಕಾರರು, ಹೊತ್ತ ರೀತಿಗೆ ಒಂದು ಉದಾಹರಣೆ ಕೊಡುತ್ತೇನೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಸಮಾಸವೊಂದು ಮನುಷ್ಯನ ಅಧಿಕಾರವನ್ನೇ ನಿರ್ಣಯಿಸುತ್ತದೆ. ರುದ್ರದೇವತೆಯ ಒಂದು ಇಷ್ಟಿಯ, ಅಂದರೆ ಒಂದು ಬಗೆಯ ಚಿಕ್ಕ ಯಾಗದ, ಬಗ್ಗೆ ‘ಏತಯಾ ನಿಷಾದಸ್ಥಪತಿಂ ಯಾಜಯೇತ್’ ಎಂಬ ವಿಧಿಯಿದೆ. ಇದರಿಂದ ನಿಷಾದಸ್ಥಪತಿಯ ಕೈಯಲ್ಲಿ ಯಾಗ ಮಾಡಿಸಬೇಕು. ಸ್ಥಪತಿ ಎಂದರೆ ಒಡೆಯ, ಮುಖ್ಯಸ್ಥ. ಯಾರು ಈ ನಿಷಾದಸ್ಥಪತಿ? ಷಷ್ಠೀತತ್ಪುರುಷವೆಂದು ಬಿಡಿಸಿದರೆ ನಿಷಾದರ ಒಡೆಯ. ಹಾಗಾದರೆ ಅವನು ನಿಷಾದರನ್ನು ಆಳುವ ಕ್ಷತ್ರಿಯನೇ ಆಗಿರಬಹುದು, ಅವನಿಗೆ ವೇದಾಧಿಕಾರ ಮೊದಲೇ ಇದೆ, ಯಾವ ತೊಡಕೂ ಇಲ್ಲ. ಕರ್ಮಧಾರಯವೆಂದು ಬಿಡಿಸಿದರೆ ನಿಷಾದನೇ ಆದ ಒಡೆಯ. ಆಗ ಮೂರು ವರ್ಣಗಳ ಹೊರಗಿನವನಿಗೆ, ವೇದಾಧ್ಯಯನವಿಲ್ಲದವನಿಗೆ, ಯಾಗ ಮಾಡಿಸಬೇಕಾಗುತ್ತದೆ.

ಅನುಕೂಲವನ್ನು ನೋಡಿದ್ದರೆ ಮೊದಲನೆಯದನ್ನೇ ಹಿಡಿಯಬಹುದಿತ್ತು, ಪೂರ್ವಪಕ್ಷವೂ, ಅಂದರೆ ಖಂಡಿಸಲೆಂದು ಮೊದಲು ಮುಂದಿಡುವ ವಾದವೂ, ಅದೇ. ಮೀಮಾಂಸೆಯ ಸೂತ್ರಕಾರ ಜೈಮಿನಿಯ ಸಿದ್ಧಾಂತ ಎರಡನೆಯದು: ‘ಸ್ಥಪತಿರ್ನಿಷಾದಃ ಸ್ಯಾಚ್ಛಬ್ದಸಾಮರ್ಥ್ಯಾತ್’, ಶಬ್ದದ ಶಕ್ತಿಯಿಂದಲೇ ಸ್ಥಪತಿ ನಿಷಾದನಾಗಬೇಕು. ಮೀಮಾಂಸಾಸೂತ್ರದ ಆರನೆಯ ಅಧ್ಯಾಯದ ಮೊದಲ ಪಾದದಲ್ಲಿ ಇದು ಬರುತ್ತದೆ. ಅದಕ್ಕೆ ಭಾಷ್ಯ ಬರೆದ ಶಬರಸ್ವಾಮಿ ಕೊಡುವ ಕಾರಣ ಸರಳ, ಆದರೆ ಕಟ್ಟುನಿಟ್ಟಿನದು. ‘ನಿಷಾದರ’ ಎಂಬ ಅರ್ಥ ಬರಬೇಕಾದರೆ ಕಿವಿಗೆ ಕೇಳದ ಷಷ್ಠಿಯನ್ನು ಕಲ್ಪಿಸಿಕೊಳ್ಳಬೇಕು, ‘ನಿಷಾದ’ ಶಬ್ದಕ್ಕೆ ನಿಷಾದಸಂಬಂಧಿ ಎಂದು ಲಕ್ಷಣೆಯನ್ನು, ಅಂದರೆ ಮುಖ್ಯವಲ್ಲದ ಅರ್ಥವನ್ನು, ಒಪ್ಪಬೇಕು. ಕರ್ಮಧಾರಯದಲ್ಲಿ ಕೇಳಿಸುತ್ತಿರುವ ದ್ವಿತೀಯೆಯೇ ಎರಡು ಪದಗಳಿಗೂ ಸಾಲುತ್ತದೆ, ಶಬ್ದದ ಮುಖ್ಯಾರ್ಥವೂ ಉಳಿಯುತ್ತದೆ. ಈ ಇಷ್ಟಿಗೆ ಹೇಳಿದ ದಕ್ಷಿಣೆಯೂ ನಿಷಾದರಿಗೇ ಉಪಯೋಗಕ್ಕೆ ಬರುವ ವಸ್ತುವೆಂಬ ಬೆಂಬಲವೂ ಸೇರಿತು. ಹೀಗಾಗಿ ನಿಷಾದನಿಗೆ ಆ ಇಷ್ಟಿಯ ಮಟ್ಟಿಗೆ ಅಧಿಕಾರ ಸಿದ್ಧಿಸಿತು, ಅದಕ್ಕೆ ಬೇಕಾದಷ್ಟು ಮಂತ್ರಗಳನ್ನು ಕಲಿಯುವ ಅವಕಾಶವೂ ಸಿದ್ಧಿಸಿತು.

ಮೀಮಾಂಸಕರು ಸಮಾಜಸುಧಾರಕರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಇದೇ ಪಾದದಲ್ಲಿ ಶೂದ್ರನಿಗೆ ಯಾಗದ ಅಧಿಕಾರವಿಲ್ಲ ಎಂದವರೂ ಅವರೇ. ಆದರೂ ತಮ್ಮ ಒಲವಿಗೆ ಎದುರಾಗಿ ವ್ಯಾಕರಣ ನಿಂತಾಗ ವ್ಯಾಕರಣದ ಮಾತನ್ನೇ ನಡೆಸಿದರಲ್ಲ, ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ನ್ಯಾಯಶಾಸ್ತ್ರ, ಧರ್ಮಶಾಸ್ತ್ರಗಳಲ್ಲೆಲ್ಲ ತತ್ಪುರುಷವೋ ಕರ್ಮಧಾರಯವೋ ಎಂಬ ಅನುಮಾನ ಬಂದಾಗ ‘ನಿಷಾದಸ್ಥಪತಿ ನ್ಯಾಯ’ವೆಂದು ಇದನ್ನೇ ಮುಂದಿಡುತ್ತಾರೆ.

ವೇದಾಂತಕ್ಕೆ ಬಂದರೆ ಬ್ರಹ್ಮಸೂತ್ರದ ಮೊದಲ ಮೂರು ಸೂತ್ರಗಳಲ್ಲಿ ಮೂರು ಸಮಾಸಗಳು ಬಾಗಿಲಲ್ಲೇ ನಿಂತಿವೆ. ಮೊದಲನೆಯದು ‘ಬ್ರಹ್ಮಜಿಜ್ಞಾಸಾ’. ಮೀಮಾಂಸಾಸೂತ್ರದ ಮೊದಲಲ್ಲಿರುವ ‘ಧರ್ಮಜಿಜ್ಞಾಸಾ’ ಎಂಬುದನ್ನು ಶಬರಸ್ವಾಮಿ ‘ಧರ್ಮಾಯ ಜಿಜ್ಞಾಸಾ’, ಧರ್ಮಕ್ಕಾಗಿ ವಿಚಾರ, ಎಂದು ಬಿಡಿಸಿದ್ದರು. ಶಂಕರಾಚಾರ್ಯರು ಚತುರ್ಥಿಯನ್ನು ಒಪ್ಪದೆ ‘ಬ್ರಹ್ಮಣೋ ಜಿಜ್ಞಾಸಾ’ ಎಂದು ಷಷ್ಠಿಯಲ್ಲಿ ಬಿಡಿಸುತ್ತಾರೆ. ಅದೂ ಬರಿಯ ಸಂಬಂಧಷಷ್ಠಿಯಲ್ಲ, ಕರ್ಮಷಷ್ಠಿ. ಬ್ರಹ್ಮವೇ ತಿಳಿಯಬೇಕಾದ ವಸ್ತು.

ಎರಡನೆಯದು ‘ಜನ್ಮಾದ್ಯಸ್ಯ ಯತಃ’. ಹುಟ್ಟು ಮೊದಲಾದವು ಯಾವುದರಿಂದಲೋ ಅದು ಬ್ರಹ್ಮ. ‘ಜನ್ಮಾದಿ’ ಬಹುವ್ರೀಹಿ, ಜನ್ಮವು ಯಾವುದಕ್ಕೆ ಆದಿಯೋ ಅದು. ಇಲ್ಲಿ ಒಂದು ಸೂಕ್ಷ್ಮ ಪ್ರಶ್ನೆಯೇಳುತ್ತದೆ. ಬಹುವ್ರೀಹಿಯಲ್ಲಿ ಹೊರಗಿನ ವಸ್ತು ಪ್ರಧಾನವಾದರೆ ಜನ್ಮ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲವೇ, ಸ್ಥಿತಿ ಮತ್ತು ಲಯ ಮಾತ್ರ ಉಳಿಯುವುದಿಲ್ಲವೇ? ಅದಕ್ಕೆ ಉತ್ತರವಾಗಿ ಭಾಷ್ಯ ಇದನ್ನು ‘ತದ್ಗುಣಸಂವಿಜ್ಞಾನ’ ಬಹುವ್ರೀಹಿ ಎಂದು ಕರೆಯುತ್ತದೆ. ಹೆಸರು ಭಾರವಾದರೂ ವಿಷಯ ಹಗುರ. ‘ಲಂಬಕರ್ಣನನ್ನು ಕರೆದು ತಾ’ ಎಂದರೆ ಉದ್ದ ಕಿವಿಯವನ ಜೊತೆಗೆ ಅವನ ಕಿವಿಗಳೂ ಬರುತ್ತವೆ, ಅದು ತದ್ಗುಣ. ‘ದೃಷ್ಟಸಾಗರನನ್ನು ಕರೆದು ತಾ’ ಎಂದರೆ ಸಮುದ್ರ ನೋಡಿದವನು ಬರುತ್ತಾನೆ, ಸಮುದ್ರ ಬರುವುದಿಲ್ಲ, ಅದು ಅತದ್ಗುಣ. ರಜೆ ಸಿಕ್ಕಾಗ ಅಲಿಬಾಗಿಗೆ ಹೋಗಿ ಬರುವ ನಾವೆಲ್ಲ ದೃಷ್ಟಸಾಗರರೇ. ಮರಳು ಮಾತ್ರ ಚಪ್ಪಲಿಯಲ್ಲಿ ಮನೆಯವರೆಗೂ ಬರುತ್ತದೆ. ‘ಜನ್ಮಾದಿ’ಯಲ್ಲಿ ಜನ್ಮ ಕಿವಿಯಂತೆ ಜೊತೆಗೇ ಬರುತ್ತದೆ, ಸಮುದ್ರದಂತೆ ಹಿಂದೆ ಉಳಿಯುವುದಿಲ್ಲ.

ಮೂರನೆಯದು ‘ಶಾಸ್ತ್ರಯೋನಿತ್ವಾತ್’. ಇದರಷ್ಟು ಸೊಗಸಾದ ಸಮಾಸವನ್ನು ನಾನು ಬೇರೆ ಕಂಡಿಲ್ಲ. ‘ಶಾಸ್ತ್ರಸ್ಯ ಯೋನಿಃ’ ಎಂದರೆ ಬ್ರಹ್ಮವು ಶಾಸ್ತ್ರಕ್ಕೆ ಮೂಲ, ಋಗ್ವೇದಾದಿಗಳು ಅದರಿಂದ ಬಂದವು. ‘ಶಾಸ್ತ್ರಂ ಯೋನಿಃ ಯಸ್ಯ’ ಎಂದರೆ ಶಾಸ್ತ್ರವೇ ಬ್ರಹ್ಮಕ್ಕೆ ಮೂಲ, ಅಂದರೆ ಬ್ರಹ್ಮವನ್ನು ತಿಳಿಯುವುದಕ್ಕೆ ಶಾಸ್ತ್ರವೇ ಪ್ರಮಾಣ. ಬಾಣ ಎರಡು ದಿಕ್ಕಿಗೂ ಹಾರುತ್ತದೆ. ‘ತ್ವ’ ಪ್ರತ್ಯಯ ಹತ್ತಿರುವುದರಿಂದ ಪೀತಾಂಬರದಲ್ಲಿ ಸಿಕ್ಕಂತೆ ಲಿಂಗದ ಸುಳಿವೂ ಸಿಗುವುದಿಲ್ಲ. ರಾಮಾನುಜಾಚಾರ್ಯರು ಎರಡನೆಯ ವಿಗ್ರಹವನ್ನು ಹಿಡಿದರು. ಶಂಕರರು ಮೊದಲನೆಯದನ್ನು ಹೇಳಿ, ‘ಅಥವಾ’ ಎಂದು ಎರಡನೆಯದನ್ನೂ ಹೇಳಿ, ಎರಡನ್ನೂ ಉಳಿಸಿಕೊಂಡರು. ಜಗತ್ತಿನ ಕಾರಣ ಸರ್ವಜ್ಞವಾಗಿರಬೇಕು, ಸರ್ವಜ್ಞಕಲ್ಪವಾದ ವೇದ ಅದರಿಂದ ಬಂದಿರಬೇಕು ಎಂದು ಒಂದು. ಅಂಥ ಕಾರಣವೊಂದಿದೆ ಎಂದು ನಮಗೆ ಗೊತ್ತಾಗುವುದೇ ವೇದದಿಂದ ಎಂದು ಇನ್ನೊಂದು. ಇವೆರಡೂ ಪರಸ್ಪರ ಆತುಕೊಂಡಿವೆ. ಸೂತ್ರಕಾರ ಬೇಕೆಂದೇ ವಿಭಕ್ತಿಯನ್ನು ಮರೆಸುವ ಸಮಾಸವನ್ನು ಆರಿಸಿಕೊಂಡನೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ವಾಕ್ಯವಾಗಿ ಬರೆದಿದ್ದರೆ ಎರಡರಲ್ಲಿ ಒಂದನ್ನು ಕೈಬಿಡಬೇಕಾಗುತ್ತಿತ್ತು.

ಸಂಖ್ಯೆ ಸೇರಿದ ಸಮಾಸವೂ ಒಂದು ದೊಡ್ಡ ವಾದವನ್ನು ಎಬ್ಬಿಸಿದೆ, ಸಂಕ್ಷೇಪವಾಗಿ ಹೇಳುತ್ತೇನೆ. ಬೃಹದಾರಣ್ಯಕದಲ್ಲಿ ‘ಯಸ್ಮಿನ್ ಪಂಚ ಪಂಚಜನಾಃ’, ಯಾವುದರಲ್ಲಿ ಐದು ಪಂಚಜನರು ನೆಲೆಸಿದ್ದಾರೋ, ಎಂಬ ಮಂತ್ರವಿದೆ. ಐದು ಐದಲ ಇಪ್ಪತ್ತೈದು, ಇವೇ ನಮ್ಮ ಇಪ್ಪತ್ತೈದು ತತ್ತ್ವಗಳು ಎಂದರು ಸಾಂಖ್ಯರು. ಶಂಕರರ ಉತ್ತರ ವ್ಯಾಕರಣದ್ದು: ‘ಪಂಚಜನ’ ಎಂಬುದು ಎಣಿಕೆಯಲ್ಲ, ಹೆಸರು. ದಿಕ್ಕು ಮತ್ತು ಸಂಖ್ಯೆಯನ್ನು ಹೇಳುವ ಪದಗಳು ಸಂಜ್ಞೆಯಾಗುವಾಗ ಸಮಾಸವಾಗುತ್ತವೆ ಎಂದು ಪಾಣಿನಿಯ ಸೂತ್ರವೇ ಇದೆ. ‘ಸಪ್ತರ್ಷಿಗಳು ಏಳು ಮಂದಿ’ ಎಂದರೆ ನಾವು ಏಳನ್ನು ಏಳರಿಂದ ಗುಣಿಸಿ ನಲವತ್ತೊಂಬತ್ತು ಋಷಿಗಳನ್ನು ಹುಡುಕುವುದಿಲ್ಲ. ಹಾಗೆಯೇ ಪಂಚಜನರೆಂಬ ಹೆಸರಿನವರು ಐವರು, ಮುಂದಿನ ಮಂತ್ರದಲ್ಲೇ ಬರುವ ಪ್ರಾಣ, ಕಣ್ಣು, ಕಿವಿ, ಮನಸ್ಸು ಮೊದಲಾದವು. ಅದೂ ಅಲ್ಲದೆ ಅದೇ ಮಂತ್ರ ಆಕಾಶವನ್ನು ಬೇರೆಯಾಗಿ ಹೇಳುತ್ತದೆ. ಇಪ್ಪತ್ತೈದರಲ್ಲಿ ಆಕಾಶ ಆಗಲೇ ಸೇರಿರುವಾಗ ಅದನ್ನು ಮತ್ತೆ ಏಕೆ ಹೇಳಬೇಕು?

ಇಷ್ಟು ಹೊತ್ತು ಒಂದು ಸಮಾಸವನ್ನು ಹೇಗೆ ಬಿಡಿಸುವುದು ಎಂದು ನೋಡಿದೆವು. ಸಮಾಸ ಇದೆಯೋ ಇಲ್ಲವೋ ಎಂಬುದೇ ವಾದವಾಗುವ ಜಾಗವೂ ಉಂಟು. ‘ಈಶಾವಾಸ್ಯಮಿದಂ ಸರ್ವಮ್’ ಎಂದು ಈ ಸಭೆಯಲ್ಲಿ ಹಲವರು ನಿತ್ಯ ಹೇಳುತ್ತೀರಿ. ಶಂಕರರು ‘ಈಶಾ’ ಎಂಬುದನ್ನು ‘ಈಶ್’ ಶಬ್ದದ ತೃತೀಯೆಯೆಂದು ಬೇರೆ ತೆಗೆದು, ‘ವಾಸ್ಯಮ್’ ಎಂದರೆ ಹೊದಿಸತಕ್ಕದ್ದು ಎನ್ನುತ್ತಾರೆ. ಇದೆಲ್ಲವನ್ನೂ ಈಶನಿಂದ ಮುಚ್ಚಬೇಕು. ಮಧ್ವಾಚಾರ್ಯರು ಅದನ್ನು ಒಂದೇ ಪದವಾಗಿ ಹಿಡಿದು ‘ಈಶಸ್ಯ ಆವಾಸಯೋಗ್ಯಮ್’ ಎನ್ನುತ್ತಾರೆ. ಇದೆಲ್ಲ ಈಶನ ವಾಸಕ್ಕೆ ತಕ್ಕದ್ದು. ಒಂದು ಓದಿನಲ್ಲಿ ಜಗತ್ತು ಈಶನಿಂದ ಮರೆಯಾಗುತ್ತದೆ, ಇನ್ನೊಂದರಲ್ಲಿ ಜಗತ್ತು ಈಶನ ಮನೆಯಾಗಿ ನಿಲ್ಲುತ್ತದೆ. ಅದ್ವೈತಕ್ಕೂ ದ್ವೈತಕ್ಕೂ ಇರುವ ಅಂತರದ ಒಂದು ಎಳೆ ಇಲ್ಲಿಯೇ ಕಾಣುತ್ತದೆ. ಓಲೆಗರಿಯಲ್ಲಿ ಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ಸಮಾನ ಅವಕಾಶವಿತ್ತು. ಇಂದು ಪಾರಾಯಣದ ಕಿರುಪುಸ್ತಕಗಳನ್ನು ಅಚ್ಚು ಹಾಕಿಸುವವರು ‘ಈಶಾ’ ಆದ ಮೇಲೆ ಒಂದು ತೆರಪು ಬಿಟ್ಟರೆ ಸಾಕು, ತಮಗೆ ಗೊತ್ತಿಲ್ಲದೆಯೇ ಒಂದು ಭಾಷ್ಯವನ್ನು ಒಪ್ಪಿಬಿಟ್ಟಿರುತ್ತಾರೆ. ಹೀಗಾಗಿ ಪುಸ್ತಕ ಹೊರತರುವ ನಮ್ಮ ಸಂಘಗಳವರು ಕರಡು ತಿದ್ದುವಾಗ ತೆರಪುಗಳನ್ನೂ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಗೀತೆಯ ಎರಡು ಪದಗಳನ್ನು ನೋಡಿ ಮುಗಿಸುತ್ತೇನೆ. ‘ಕರ್ಮಣ್ಯೇವಾಧಿಕಾರಸ್ತೇ’ ಎಲ್ಲರಿಗೂ ಬಾಯಿಪಾಠ. ಅದರ ಮೂರನೆಯ ಪಾದ ‘ಮಾ ಕರ್ಮಫಲಹೇತುರ್ಭೂಃ’. ತತ್ಪುರುಷವಾದರೆ, ಕರ್ಮಫಲಕ್ಕೆ ನೀನು ಕಾರಣನಾಗಬೇಡ. ಬಹುವ್ರೀಹಿಯಾದರೆ, ಕರ್ಮಫಲವನ್ನೇ ಪ್ರೇರಣೆಯಾಗಿ ಉಳ್ಳವನಾಗಬೇಡ. ‘ಹೇತು’ ಶಬ್ದ ಸ್ವತಃ ಪುಲ್ಲಿಂಗವಾದ್ದರಿಂದ ಇಲ್ಲಿಯೂ ಲಿಂಗ ಸಹಾಯಕ್ಕೆ ಬಾರದು. ಶಂಕರರು ತತ್ಪುರುಷವನ್ನು ಹಿಡಿದು, ಫಲದ ಆಸೆಯಿದ್ದರೆ ಫಲಪ್ರಾಪ್ತಿಗೆ ನೀನೇ ಕಾರಣನಾಗುತ್ತೀಯೆ, ಹಾಗಾಗಬೇಡ ಎಂದು ವಿವರಿಸುತ್ತಾರೆ. ಆದರೆ ಎರಡೇ ಶ್ಲೋಕ ದಾಟಿದರೆ ‘ಕೃಪಣಾಃ ಫಲಹೇತವಃ’ ಎಂದು ಬರುತ್ತದೆ. ಅಲ್ಲಿ ಫಲದ ಆಸೆಯಿಂದ ಹೊರಟವರು ದೀನರು ಎಂಬ ಬಹುವ್ರೀಹಿಯ ಅರ್ಥ ಸಹಜವಾಗಿದೆ, ಶಂಕರರ ವಿವರಣೆಯೂ ಆ ಅರ್ಥದ್ದೇ. ಅಷ್ಟು ಹತ್ತಿರದಲ್ಲಿ ಅದೇ ಜೋಡಿ ಒಂದು ಅರ್ಥದಲ್ಲಿ ಬಂದಿರುವಾಗ ಮೊದಲನೆಯದನ್ನೂ ಬಹುವ್ರೀಹಿಯೆಂದೇ ಓದುವುದು ನನಗೆ ಒಪ್ಪಿಗೆಯಾಗುತ್ತದೆ. ಕಾರಣನಾಗಬೇಡ ಎಂದರೆ ಅರ್ಜುನ ಬಿಲ್ಲನ್ನು ಕೆಳಗಿಟ್ಟು ಕೂರುವುದಕ್ಕೆ ಇನ್ನೊಂದು ನೆಪ ಸಿಕ್ಕಂತಾಗುತ್ತದೆ. ‘ಮಾ ತೇ ಸಂಗೋಽಸ್ತ್ವಕರ್ಮಣಿ’, ಕರ್ಮ ಮಾಡದಿರುವುದರಲ್ಲಿ ನಿನಗೆ ಆಸಕ್ತಿ ಬೇಡ, ಎಂಬ ಮುಂದಿನ ಪಾದ ಆ ನೆಪವನ್ನು ಕಿತ್ತುಕೊಳ್ಳುತ್ತದೆ ಎಂಬುದು ನಿಜ.

ಮಾತು ಮುಗಿಸಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದುನಿಂತು, ‘ದ್ವಂದ್ವಃ ಸಾಮಾಸಿಕಸ್ಯ ಚ’, ಸಮಾಸಗಳಲ್ಲಿ ನಾನು ದ್ವಂದ್ವ ಎಂದು ಹತ್ತನೆಯ ಅಧ್ಯಾಯದಲ್ಲಿ ಹೇಳಿದ ಕೃಷ್ಣ, ಎರಡನೆಯ ಅಧ್ಯಾಯದಲ್ಲಿ ‘ಲಾಭಾಲಾಭೌ ಜಯಾಜಯೌ’ ಎಂದು ಸಮವಾಗಿ ಕಾಣಬೇಕಾದ ದ್ವಂದ್ವಗಳಲ್ಲಿಯೂ ಲಾಭವನ್ನೂ ಜಯವನ್ನೂ ಏಕೆ ಮೊದಲಿಟ್ಟ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ತತ್ತ್ವದ್ದಲ್ಲ. ಅಚ್ಚಿನಿಂದ ಆರಂಭವಾಗಿ ಅಕಾರದಲ್ಲಿ ಮುಗಿಯುವ ಪದ ದ್ವಂದ್ವದಲ್ಲಿ ಮೊದಲು ಬರಬೇಕೆಂದು ಪಾಣಿನಿ ಒಂದು ಸೂತ್ರದಲ್ಲಿ ಹೇಳುತ್ತಾನೆ. ಅದರಂತೆ ‘ಅಲಾಭ’ವೇ ಮುಂದೆ ಬರಬೇಕಿತ್ತು. ಅದರ ಮರುಸೂತ್ರವೇ ‘ಅಲ್ಪಾಚ್ತರಮ್’, ಕಡಿಮೆ ಅಚ್ಚುಗಳಿರುವ ಪದ ಮೊದಲು. ಎರಡು ಸೂತ್ರಗಳು ತಿಕ್ಕಾಡಿದರೆ ಮುಂದಿನದೇ ಗೆಲ್ಲಬೇಕು. ‘ಲಾಭ’ದಲ್ಲಿ ಅಚ್ಚುಗಳು ಎರಡು, ‘ಅಲಾಭ’ದಲ್ಲಿ ಮೂರು, ‘ಜಯ’ದಲ್ಲಿ ಎರಡು, ‘ಅಜಯ’ದಲ್ಲಿ ಮೂರು. ಸೋಲು ಹಿಂದೆ ನಿಂತದ್ದು ಒಂದು ಅಚ್ಚು ಹೆಚ್ಚಾಗಿದ್ದರಿಂದ.